ಈ ವಾರ ಯಾರ ಮನೆ

ಕಂಬಳಿಹುಳ ಅನ್ನುವುದು ಸುಮ್ಮನೆ, ಕಂಬಳಿಯೇ ಇಲ್ಲ ಇದಕ್ಕೆ.
ಬೋಳು ಮೈ, ಒದ್ದೆ ಚಪ್ಪಲಿಯ ಬಣ್ಣ,
ನನ್ನ ಕಿರುಬೆರಳಿಗಿಂತ ದಪ್ಪ.
ಮುಟ್ಟಿದರೆ ಸೊಂಡಿಲು ಒಳಗೆಳೆದುಕೊಂಡು
ಕತ್ತು ಉಬ್ಬಿಸಿ, ಇಲ್ಲದ ನಾಲ್ಕು ಕಣ್ಣು ಬಿಟ್ಟು
ಅರೆಗಳಿಗೆ ಹಾವಾಗುತ್ತದೆ.

ಆಗಸ್ಟ್ ಕೊನೆ, ಸ್ವಾನ್ಸಿ,
ಬಸ್ ಡಿಪೋ ಹಿಂದಿನ ಬಾಡಿಗೆ ಮನೆ,
ಯಾರೋ ಬಿಟ್ಟುಹೋದ ಫ್ಯೂಷಿಯಾ ಗಿಡ.
"ಅಪ್ಪಾ, ಹಾವು!" ಗೆಥಿನ್ ಕಿರುಚಿದ್ದು
ಮೂರನೇ ಮನೆಗೂ ಕೇಳಿಸಿರಬೇಕು.
ಮಾಬ್ಲಿ ಬಗ್ಗಿ ನೋಡಿ ಹೇಳಿದಳು: ಎರಡಿವೆ.

ಅವಳಿಗೊಂದು, ಇವನಿಗೊಂದು.
ಇವನದರ ಹೆಸರು ಟ್ರ್ಯಾಕ್ಟರ್.
ಅವಳದು ಮಿಸೆಸ್ ಪ್ರೈಸ್:
ಶಾಲೆಯಲ್ಲಿ ಊಟ ಬಡಿಸುವಾಕೆ,
ತಟ್ಟೆ ಖಾಲಿಯಾಗುವ ತನಕ ಬೆನ್ನ ಹಿಂದೆ ನಿಲ್ಲುವಾಕೆ.
ರಾತ್ರಿಯಿಡೀ ಕರಕರ. ಬೆಳಿಗ್ಗೆ ಬರೀ ದಂಟು,
ಮೆಣಸಿನಕಾಳಿನಷ್ಟು ದಪ್ಪ ಹಿಕ್ಕೆ.
ಎಣಿಸಿ ಎಣಿಸಿ ಗೋಡೆಯ ಮೇಲೆ ಬರೆದರು.
ಬಾಡಿಗೆಯ ಗೋಡೆ. ಬರೆಯಲಿ ಬಿಡು ಅಂದುಕೊಂಡೆ.

ಒಂದು ವಾರ ಇಲ್ಲಿ, ಒಂದು ವಾರ ಲೌರಿಯ ಮನೆಯಲ್ಲಿ.
ಕೋರ್ಟಿನ ಕಾಗದದಲ್ಲಿ ಇದ್ದದ್ದು ಇಷ್ಟು;
ಹುಳುಗಳ ಬಗ್ಗೆ ಒಂದಕ್ಷರವೂ ಇರಲಿಲ್ಲ.
ಹಾಗಾಗಿ ಅವೂ ಹೊರಟವು ಭಾನುವಾರ ಸಂಜೆ,
ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ ಐಸ್‌ಕ್ರೀಮ್ ಡಬ್ಬಿಯಲ್ಲಿ,
ಪೈಜಾಮ, ಕೆಮ್ಮಿನ ಸಿರಪ್ಪು, ಒಂಟಿ ಕಾಲುಚೀಲದ ಜೊತೆ.
ಲೌರಿ ಗೇಟಿನಾಚೆ ಕಾರಿನಲ್ಲಿ, ಇಂಜಿನ್ ಆರಿಸದೆ.
ನಾನು ಗೇಟಿನೀಚೆ.
ಡಬ್ಬಿ ಮಾತ್ರ ಕೈಯಿಂದ ಕೈಗೆ.
"ನೀರು ಚಿಮುಕಿಸಬೇಕು. ಜಾಸ್ತಿ ಬೇಡ."
"ಗೊತ್ತು."
ಆ ವರ್ಷ ನಾವಾಡಿದ ಅತಿ ಉದ್ದದ ಮಾತು.

ಸೆಪ್ಟೆಂಬರಿನಲ್ಲಿ ಊಟ ಬಿಟ್ಟವು.
ಡಬ್ಬಿಯ ಅಂಚಿನಗುಂಟ ಸುತ್ತಿದವು, ಸುತ್ತಿದವು,
ಕೀಲಿಕೈ ಕಳಕೊಂಡವರ ಹಾಗೆ.
ಮಣ್ಣು ಹಾಕಿದೆವು. ಮರುದಿನ ಯಾರೂ ಕಾಣಲಿಲ್ಲ.
"ಸತ್ತವಾ?"
"ಇಲ್ಲ, ಕೋಶದೊಳಗೆ ಕರಗುತ್ತಿವೆ," ಅಂದೆ.
ಹೇಳಬಾರದಿತ್ತು.
ರಾತ್ರಿ ಗೆಥಿನ್ ನನ್ನ ಕಂಬಳಿಯೊಳಗೆ ತೂರಿಕೊಂಡು ಕೇಳಿದ:
ಕರಗಿದ ಮೇಲೆ ಟ್ರ್ಯಾಕ್ಟರ್‌ಗೆ ತಾನು ಟ್ರ್ಯಾಕ್ಟರ್ ಅಂತ ನೆನಪಿರುತ್ತಾ?
ಎರಡು ಮನೆಯಲ್ಲಿ ಯಾವುದು ತನ್ನದು ಅಂತ?
ನಿದ್ದೆ ಬಂದವನಂತೆ ಉಸಿರಾಡಿದೆ.

ನವೆಂಬರಿನಲ್ಲಿ ಮಾಬ್ಲಿಯ ತೀರ್ಪು:
ಮಿಸೆಸ್ ಪ್ರೈಸ್ ಅಮ್ಮನ ಗ್ಯಾರೇಜಿಗೆ,
ಟ್ರ್ಯಾಕ್ಟರ್ ಅಪ್ಪನ ಶೆಡ್ಡಿಗೆ.
ಇನ್ನು ಅವನ್ನು ಅಲುಗಾಡಿಸಬೇಡಿ.

ಮಕ್ಕಳು ಮರೆತರು. ಹಲ್ಲು ಬಿತ್ತು, ಹೊಸ ಹಲ್ಲು ಬಂತು,
ಶೂ ಎರಡು ಸಲ ಚಿಕ್ಕದಾಯಿತು.
ನಾನು ರಾತ್ರಿಪಾಳಿ ಮುಗಿಸಿ, ಕೈಯ ಡೀಸೆಲ್ ತೊಳೆದುಕೊಂಡು
ಮಣ್ಣು ಸರಿಸಿ ನೋಡುತ್ತಿದ್ದೆ:
ಖರ್ಜೂರದಂಥದ್ದು.
ಉಸಿರು ತಾಕಿದರೆ ತುದಿ ಒಮ್ಮೆ ಕೊಂಕುತ್ತಿತ್ತು.
ಸಾಕು ಅನ್ನಿಸುತ್ತಿತ್ತು.

ಮೇ ತಿಂಗಳಲ್ಲಿ ಲೌರಿಯ ಫೋನು.
ಮಿಸೆಸ್ ಪ್ರೈಸ್ ಒಡೆದು ಬಂದದ್ದು ಪತಂಗವಲ್ಲ, ಕಣಜ.
ನಾವು ಹೆಸರಿಡುವ ಮೊದಲೇ ಮೊಟ್ಟೆ ಒಳಗಿತ್ತು;
ಎಲೆ ತಿನ್ನಿಸಿದ್ದೆಲ್ಲ ಅದಕ್ಕೇ.
"ಅವಳು ಅತ್ತಳಾ?"
"ಬೈದಳು. ಆಮೇಲೆ ಕಿಟಕಿ ತೆಗೆದಳು.
ಇದೂ ಚಳಿಯಲ್ಲಿ ಕಾದಿತ್ತಲ್ಲ ಅಂದಳು."
ಇಬ್ಬರೂ ಫೋನ್ ಇಡಲಿಲ್ಲ ಸ್ವಲ್ಪ ಹೊತ್ತು.

ಟ್ರ್ಯಾಕ್ಟರ್ ಬಂದದ್ದು ಮಂಗಳವಾರ, ರಾತ್ರಿ ಹತ್ತಕ್ಕೆ,
ಮಕ್ಕಳಿಲ್ಲದ ವಾರ.
ಕಡ್ಡಿಗೆ ನೇತುಬಿದ್ದ ಮುದುಡಿದ ಒದ್ದೆ ಚಿಂದಿ.
ಕರೆದೆ. ಬಂದರು, ಪೈಜಾಮದ ಮೇಲೆ ಗಮ್‌ಬೂಟು.
ಅಷ್ಟರಲ್ಲಿ ಚಿಂದಿ ರೆಕ್ಕೆಯಾಗಿತ್ತು,
ಪಾಚಿ ಹಸಿರು, ಅದರ ಮೇಲೆ
ಯಾರಿಗೂ ಹೇಳದೆ ಬಳಿದುಕೊಂಡಂಥ ಗುಲಾಬಿ.
ಗೆಥಿನ್ ತುಟಿ ಬಿಗಿಹಿಡಿದು ಕೈ ಚಾಚಿದ.
ಅವನ ಬೆರಳ ಮೇಲೆ ಅದು ನಡುಗತೊಡಗಿತು,
ತಣ್ಣಗಿನ ಇಂಜಿನ್ ಬಿಸಿಯಾಗುವ ಹಾಗೆ,
ಗೇಟಿನಾಚೆಯ ಬೆಳಕಿಗೆ ಮುಖ ಮಾಡಿ.

"ಅಮ್ಮಾ, ಲೈಟು!"

ಹೆಡ್‌ಲೈಟ್ ಆರಿತು.
ಸ್ವಲ್ಪ ಹೊತ್ತಿಗೆ ಇಂಜಿನ್ನೂ.

ಕತ್ತಲಲ್ಲಿ ಒಂದು ಫಡಫಡ.
ಆ ಕಡೆ ಹೋಯಿತು, ಗೆಥಿನ್. ಈ ಕಡೆ, ಮಾಬ್ಲಿ.
ಗೇಟು ಕಿರ್ರೆಂದಿತು. ಲೌರಿಯ ದನಿ, ಪಿಸುಮಾತಿನಲ್ಲಿ:
ಶ್... ಫ್ಯೂಷಿಯಾ ಮೇಲೇ ಇದೆ ಇನ್ನೂ.