ಕುಗ್ಗೂ ಲೆಕ್ಕ

ಉದ್ಯಮಬಾಗ. ಫೌಂಡ್ರಿಯ ಮಾಳಗಿ ಮ್ಯಾಲ
ಹಳೇ ಕಡತದ ಖೋಲಿ. ಅಲ್ಲೇ ನನ್ನ ಮೇಜು,
ಯಾರೋ ಬಿಟ್ಟುಹೋದ ಲ್ಯಾಪ್‌ಟಾಪು,
ಕೀಲಿ ಒತ್ತಿದರ ಬೆರಳಿಗೆ ಹತ್ತೂ ಕರಿ ಮರಳು.

ಗೇಟಿನ ಕರಿಹಲಗಿ ತಗೀಬೇಕಂತ.
ಇನ್ನ ಮುಂದ ಎಲ್ಲಾ ಪರದೆಮ್ಯಾಲ ಕಾಣಬೇಕಂತ:
ಯಾವ ಪಾಳಿಗೆ ಯಾರು, ಖಾನಾಪುರದ ಬಸ್ಸು ಎಷ್ಟಕ್ಕ,
ಕ್ಯಾಂಟೀನಿನಾಗ ಝುಣಕಾ ಐತೋ ಇಲ್ಲೋ.
"ಒಂದ ಸಣ್ಣ ಡಬ್ಬಿ ಮಾಡ್ರಿ, ಸಾಕು" ಅಂದರು ಸಾಹೇಬರು,
ಬೆಂಕಿಪೊಟ್ಟಣದಷ್ಟು ಅಳತಿ ಬೆರಳಿನಾಗ ತೋರಿಸಿ.

ಡಬ್ಬಿ ಆಮ್ಯಾಲ.
ಮೊದಲ, ಡಬ್ಬಿ ಮಾಡೂ ಜಾಗಾ ಮಾಡಬೇಕು.

ನೋಡ್ ಇಳಿಸಿದೆ. ಭಾಳ ಹೊಸಾದಾತು, ಅಂತು.
ತಗದು ಹಳೇದು ಹಾಕಿದೆ. ಇಷ್ಟ ಹಳೇದೂ ಬ್ಯಾಡ, ಅಂತು.
ಹದಿನೆಂಟರೊಳಗ ಒಂದು, ಆ ಒಂದರೊಳಗ ಇನ್ನೊಂದು.
ಹೆಣ್ಣು ನೋಡಾಕ ಬಂದವರಂಗ ಕುಂತಿತ್ತು,
ಅವಲಕ್ಕಿ ತಿಂದು, ಎತ್ತರ ಸಾಲದು ಅಂತ.

ಆಮ್ಯಾಲ ಪ್ಯಾಕೇಜು. ಒಂದನ್ನ ಕರದರ
ತನ್ನ ಅಣ್ತಮ್ಮರನ್ನ, ಅವರ ಮಾವಂದಿರನ್ನ,
ಮಾವಂದಿರ ಸಾಲಗಾರರನ್ನ ಕರಕೊಂಡು ಬರತೈತಿ.
ಎಂಟನೂರಾ ಹನ್ನೆರಡು ಮಂದಿ.
ಎಲ್ಲಿಯವರೋ, ಯಾವ ರಾತ್ರಿ ಕುಂತು ಬರದವರೋ,
ಒಬ್ಬರ ಮುಖಾನೂ ಗೊತ್ತಿಲ್ಲ; ನನ್ನ ಖೋಲಿಗೆ ಬಂದು
ಚಪ್ಪಲಿ ಬಿಟ್ಟು ಕುಂತಾರ.

ಎಂಬತ್ತಮೂರು ಪರ್ಸೆಂಟಿಗೆ ಕೆಳಗ ಕುಲುಮಿ ಹಚ್ಚಿದರು.
ದೀಪ ಒಮ್ಮೆ ಹಳದಿ ಆತು,
ರೌಟರಿನ ಹಸರ ಕಣ್ಣು ಮುಚ್ಚಿತು.
ಮತ್ತ ಸೊನ್ನಿಯಿಂದ.

ಹಳೇ ನಕ್ಷೆ ಹುಡುಕಾಕ ಬಂದ ಪ್ಯಾಟರ್ನಿನ ಭುಜಬಲಿ ಚೌಗುಲೆ,
ಕಿವಿಮ್ಯಾಲ ಪೆನ್ಸಿಲ್ಲು, ಮುಂಗೈ ತುಂಬ ಸಾಗವಾನಿ ಹೊಟ್ಟು.
"ಹಂಜಿ ಬಾಯಾರ, ಮುಂಜಾನಿಂದ ಏನ ಮಾಡಿದ್ರಿ?"
"ಏನೂ ಮಾಡಿಲ್ಲರಿ. ಮಾಡಾಕ ತಯಾರಿ ಮಾಡಾಕತ್ತೇನಿ."
ನಗತಾನ ಅನ್ಕೊಂಡೆ. ನಗಲಿಲ್ಲ.
ಕಿಸೆದಿಂದ ಉಕ್ಕಿನ ಅಳತಿಪಟ್ಟಿ ತಗದು ಮೇಜಿನ ಮ್ಯಾಲ ಇಟ್ಟ,
ಅದರ ಮಗ್ಗಲಕ ನನ್ನ ಪ್ಲಾಸ್ಟಿಕ್ ಪಟ್ಟಿ.
ಅವನ ಮೂವತ್ತು ಸೆಂಟಿಮೀಟರು ನನ್ನ ಮೂವತ್ತಕ್ಕಿಂತ
ಒಂದ ಜ್ವಾಳದಕಾಳಿನಷ್ಟು ಉದ್ದ.
"ಪಟ್ಟಿ ತಪ್ಪಿಲ್ಲರಿ. ಕಬ್ಬಿಣ ಆರಿದಂಗ ಕುಗ್ಗತೈತಿ.
ಅಷ್ಟು ಜಾಗಾ ಮೊದಲ ಹಿಡಿದಿರಬೇಕು.
ಎರಕ ಹೊಯ್ಯೂದು ಎರಡ ನಿಮಿಷ;
ದಿನಾ ಹೋಗೂದು ಮರಳಿಗೇ."
ಪಟ್ಟಿ ಕಿಸೆಗಿಟ್ಟುಕೊಂಡು ಇಳದುಹೋದ. ನಕ್ಷೆ ಮರತ.

ನಾಕಕ್ಕ ಒಂದು ಪ್ರಮಾಣಪತ್ರ ಬಂತು,
ತನ್ನ ಸಹಿ ತಾನ ಹಾಕ್ಕೊಂಡದ್ದು.
ಇದನ್ನ ನಂಬತೀಯೇನು? ಅಂತ ಮಶೀನು ಕೇಳಿತು.
ಒಂದ ಉತ್ಪನ್ನದ ದಾಖಲೆಗೆ ತಹಶೀಲ್ದಾರ ಕಚೇರಿಗೆ
ಏಳು ಸಲ ಅಲೆದಾಕಿ ನಾನು.
ಹೌದು, ಅಂತ ಒತ್ತಿದೆ.

ತೆರೀತು.
ಬಿಳೇ ಹಾಳಿ, ನಡುವ ಒಂದು ಡಬ್ಬಿ.
ವಿಳಾಸದಾಗ ಲೋಕಲ್‌ಹೋಸ್ಟ್, ಅಂದರ ಇಲ್ಲೇ, ಈ ಮೇಜು,
ಆಚೆ ಮೇಜಿನವರಿಗೂ ಕಾಣದ ಊರು.
ಒಳಗ ಇಂಗ್ಲೀಷಿನಾಗ ಯಾರೋ ಬರದಿಟ್ಟ ಸ್ವಾಗತ.
ಅಳಿಸಿದೆ.
ಈಗ ಏನ ಬರೀಲಿ?

ಕಿಟಕಿಯಿಂದ ಬಗ್ಗಿ ನೋಡಿದೆ. ಗೇಟಿನಾಗ ಮಕ್ತುಮಸಾಬ
ಮೊಣಕಾಲೂರಿ ಸುಣ್ಣದ ಕಡ್ಡೀಲೆ ಬರಿಯಾಕತ್ತಿದ್ದ,
ಕನ್ನಡದಾಗ ಒಂದು ಸಾಲು, ಅದರ ಕೆಳಗ ಮರಾಠಿ;
ಹಲಗಿ ಸಾಲದ, ಮರಾಠಿ ಅಕ್ಷರ
ಅಂಚಿಗೆ ಹೋದಂಗ ಇರವಿ ಆಗತಿದ್ದವು.

ಅವನ ಸಾಲ ನೋಡಿಕೋತ ಹೊಡದೆ:
ಖಾನಾಪುರದ ಬಸ್ಸು ಅರ್ಧಾ ತಾಸು ತಡಾ.
ಉಳಿಸಿದೆ. ಪರದೆ ತಾನಾಗೇ ಮಿಣುಕಿತು.
ಮರಾಠಿ ಸಾಲು ಹಾಕಿದರ ಕಡೀ ಎರಡು ಅಕ್ಷರ
ಡಬ್ಬಿಯ ಹೊರಗ ಚಾಚಿದ್ದವು.
ಅಗಲಾ ಹೆಚ್ಚ ಮಾಡಿದೆ,
ಒಂದ ಜ್ವಾಳದಕಾಳು.

ಗಡಿಯಾರ ನೋಡಿದೆ, ಐದೂವರಿ!
ಬ್ಯಾಗು ಹೆಗಲಿಗೇರಿಸಿ ಎರಡೆರಡು ಮೆಟ್ಟಲಾ ಹಾರಿ ಓಡಿದೆ.
ಗೇಟಿನಾಗ ಮಕ್ತುಮಸಾಬ ಕೈ ಝಾಡಿಸಿಕೋತ ಅಂದ:
"ಯಾಕ ಓಡತೀರಿ ಬಾಯಾರ?
ಹಲಗಿ ಓದ್ರಿ."