ಷರಾ

ಮಧ್ಯಾಹ್ನ ಎರಡೂ ಹತ್ತಕ್ಕ ಮೀಟರು ಹಿಡಿದೆ.
ಜುನಿ ಸಾಂಗವಿ, ಮೂರನೇ ಮಾಳಿಗಿ,
ಢಮಾಲೆ ಆಜಿಯ ಗ್ಯಾಲರಿ.
ಹೊಳಿ ಆಚೆ ಕಾಂಕ್ರೀಟ್ ಕಲಸೂ ಯಂತ್ರ
ಕಣ್ಣಿಗೆ ಕಾಣ್ತದ, ತಿರಗ್ತದ,
ಕಿವಿಗೆ ಮಾತ್ರ ಹಳೇ ಫ್ಯಾನಿನಷ್ಟು.
ನಲವತ್ತಾರು. ಬರಕೊಂಡೆ.

"ರಾತ್ರಿ ಬರ್ರಿ" ಅಂದಳು ಆಜಿ,
"ಥಂಡಿ ಬಿದ್ದ ಮ್ಯಾಲ ಬರ್ರಿ.
ಆವಾಗ ಅದು ನನ್ನ ದಿಂಬಿನ ಮ್ಯಾಲೇ ಬಂದು ಕೂಡ್ತದ."
ಮಗ ನಕ್ಕ. "ಆಯಿಗೆ ಎಪ್ಪತ್ತೆಂಟು" ಅಂದ,
ಅದೂ ಒಂದು ರೀಡಿಂಗು ಅನ್ನೂಹಂಗ.

ನಾ ನಗಲಿಲ್ಲ.
ಬಿಸಿಲಿಗೆ ಕಾದ ನೆಲದ ಮ್ಯಾಲ ಸಪ್ಪಳ ನಿಲ್ಲೂದಿಲ್ಲ,
ಬರಿಗಾಲಿನ ಹುಡುಗನಂಗ ಜಿಗಿದು ಮ್ಯಾಲೇರಿ
ಹದ್ದಿನ ಪಾಲಾಗ್ತದ.
ಚಳಿಗಾಲದ ರಾತ್ರಿ ನೆಲ ಮೊದಲು ಆರ್ತದ,
ಬೆಚ್ಚಗಿಂದು ಮ್ಯಾಲೆ ಉಳೀತದ, ಹೊಳಿಗೆ ಮುಚ್ಚಳ ಇಟ್ಟಂಗ.
ಏರಿದ ಸಪ್ಪಳ ಬಾಗಿ ತಿರುಗಿ ಕೆಳಗ ಬರ್ತದ,
ಯಾರ ಮನಿ ಅಂತ ಕೇಳೂದಿಲ್ಲ.

ಫಾರ್ಮಿನಾಗ ಅಂತರಕ್ಕ ಒಂದು ಮನಿ ಅದ, ವ್ಯಾಳ್ಯಾಕ್ಕ ಒಂದು.
ಚಳಿಗೆ ಇಲ್ಲ.

ಶನಿವಾರ ನಸುಕಿನ ನಾಕಕ್ಕ ಹೋದೆ, ಡ್ಯೂಟಿ ಅಲ್ಲ.
ಆಜಿ ಸ್ವೆಟರ್ ಹಾಕ್ಕೊಂಡು ಚಹಾ ಮಾಡಿ ಕಾಯ್ತಿದ್ದಳು,
ದೀಪ ಹಚ್ಚಿರಲಿಲ್ಲ.
ಗಾಳಿ ಸತ್ತಿತ್ತು. ನೀರಿನ ಮ್ಯಾಲ ಮೊಳದುದ್ದ ಮಂಜು.
ಯಂತ್ರ ಬಾಜೂ ಖೋಲಿಯಾಗ ಇದ್ದಂಗ:
ಐವತ್ತೆಂಟು, ಐವತ್ತೊಂಬತ್ತು.
ದಾಪೋಡಿ ಪುಲಿನ ಮ್ಯಾಲ ಗೂಡ್ಸು ಹೊಂಟಿತ್ತು,
ಕೂತಲ್ಲೇ ಡಬ್ಬಿ ಎಣಿಸಿದೆ, ನಲವತ್ತೆರಡು.

ಆಮ್ಯಾಲ ಯಂತ್ರ ನಿಂತಿತು.
ಆಚೀ ದಂಡ್ಯಾಗ ಯಾರೋ ಕೆಮ್ಮಿದರು.
ಕೊಡಕ್ಕ ನೀರು ಬಿದ್ದ ಸಪ್ಪಳ,
ಮೊದಲು ಪೊಳ್ಳು, ಬರಬರ್ತಾ ಗಟ್ಟಿ.
ಪತ್ರಾ ಶೆಡ್ಡಿನಿಂದ ಒಬ್ಬಾಕಿ ದನಿ
ನಾಕನೂರಾ ಮೂವತ್ತು ಮೀಟರು ದಾಟಿ ಬಂದು
ನನ್ನ ಮಾತಿನಾಗೇ ಅಂದಿತು:
"ಏಳೋ ಪರಸ್ಯಾ, ನೀರು ಬಂದಾವ.
ಏಳೂ ಮುಂದ ತಂಗೀಗೆ ಹೊದಸು."

"ಏನಂದಳು?" ಆಜಿ ಕೇಳಿದಳು.
"ದಿನಾ ಕೇಳ್ತೀನಿ, ಭಾಷಾ ತಿಳಿಯೂದಿಲ್ಲ."
ಹೇಳಿದೆ.
ಆಕಿ ಕಪ್ಪು ಕೆಳಗಿಟ್ಟು, ಕಟಕಟಿ ಹಿಡಿದು ಬಗ್ಗಿ
ಕತ್ತಲಿಗೆ ಕಿವಿ ಕೊಟ್ಟಳು.
"ಹೊದಸಿದನೇನು?"
ಅಷ್ಟರಾಗ ಯಂತ್ರ ಮತ್ತ ಶುರು ಆತು.

ಅರ್ಜಿ ಇನ್ನೂ ನನ್ನ ಚೀಲದಾಗ ಅದ.
ಮಿತಿ ಮೀರಿದ್ದು ಖರೆ.
ಷರಾದ ಮನಿಯಾಗ
"ಗಾಳಿ ಇಲ್ಲ. ಹನ್ನೊಂದು ಡಿಗ್ರಿ" ಅಂತ ಬರದೀನಿ.
ಮುಂದಿಂದು ಬರಿಯೂದದ.