ನಾದುವವಳು

ತಿಬಿಲಿಸಿಯ ಹಳೆಪೇಟೆಯಲ್ಲಿ, ನೆಲದಡಿಯ ಗಂಧಕದ ಸ್ನಾನಗೃಹದಲ್ಲಿ
ನಾಜಿಬ್ರೋಲಾ ಬೆಳಗಿನಿಂದ ಮೈಗಳನ್ನು ನಾದುತ್ತಾಳೆ:
ಬಾಣಂತಿಯ ಸೊಂಟ, ಟ್ರಾಮು ತೊಳೆಯುವವಳ ಮೀನಖಂಡ,
ಮದುವೆಗೆ ನಾಲ್ಕು ದಿನವಿರುವ ಹುಡುಗಿಯ ಬಿಗಿದ ಹೆಗಲು.
ಒರಟು ಗವಸಿನಲ್ಲಿ ಉಜ್ಜಿದರೆ
ಕೊಳೆ ಶಾವಿಗೆಯ ಎಳೆಯಾಗಿ ಉದುರುತ್ತದೆ.
ಎಲ್ಲರದೂ ಒಂದೇ ಮಾತು:
ಇನ್ನೂ ಸ್ವಲ್ಪ ಒತ್ತು.

ರಾತ್ರಿ ಮನೆಗೆ ಬಂದು, ಕೂದಲಿಗಂಟಿದ ಗಂಧಕದ ವಾಸನೆಯೊಡನೆ
ಕುರ್ಚಿಯಲ್ಲಿ ಕುಸಿದರೆ ಸಾಕು,
ಮಡಿಲೇರುತ್ತದೆ ಪಿಸೋ.

ಬಲಗಾಲು, ಎಡಗಾಲು. ಬಲಗಾಲು, ಎಡಗಾಲು.
ಮನೆಗೆ ನೆಂಟರು ಬರುವವರಿಲ್ಲ, ಒಲೆಯ ಮೇಲೆ ಹೆಂಚಿಲ್ಲ,
ಆದರೂ ಹಿಟ್ಟು ಹದಕ್ಕೆ ಬಂದಿಲ್ಲವೆಂಬಂತೆ.
ಬೆರಳು ಅರಳುತ್ತವೆ, ಮುದುಡುತ್ತವೆ,
ಕಣ್ಣು ಅರ್ಧ ಇಲ್ಲಿ, ಅರ್ಧ ಇನ್ನೆಲ್ಲೋ.
ಗಂಟಲಲ್ಲಿ ಗುರುಗುರು.
ನಾದವೋ ನಾದುವುದೋ,
ಯಾವುದು ಮೊದಲು ಹುಟ್ಟಿತೆಂದು ಬಿಡಿಸಿ ಹೇಳಲಾಗದು.
ಆಮೇಲೆ ಉಗುರು.
ವಾಯ್‌ಮೆ! ಎಂದು ಅವಳು ಕೂಗಿದರೆ
ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ.

ತೊಡೆಯ ಗೀರು ಬಟ್ಟೆಯೊಳಗಿರುತ್ತದೆ. ಮುಂಗೈಯದು ಕಾಣುತ್ತದೆ.
"ಗಿರಾಕಿಗಳು ಏನಂದುಕೊಂಡಾರು?" ಎಂದ ಯಜಮಾನ ಗುರಾಮ್.
ಏನಂದುಕೊಂಡರೂ ಬಿಸಿನೀರು ತಾಗಿದಾಗ ಉರಿಯುವುದು ಅವಳಿಗೆ.
ಅಂದು ಪಿಸೋಗೆ ಬೈದಳು, ನೆಲಕ್ಕೆ ತಳ್ಳಿದಳು.
ಅದು ಎರಡು ದಿನ ಬೀರುವಿನ ಮೇಲೆ
ಗೋಡೆಗೆ ಮುಖ ಮಾಡಿ ಕೂತಿತು.
ಇಬ್ಬರಿಗೂ ನಿದ್ದೆ ಬರಲಿಲ್ಲ.

ಸೇತುವೆ ಪಕ್ಕದ ಡಾಕ್ಟರು ಲಮಾರಾ
ಪಂಜ ಹಿಡಿದು ನೋಡಿ ಕೇಳಿದಳು: "ಇದು ಸಿಕ್ಕಿದ್ದೆಲ್ಲಿ?"
"ಬಾಯ್ಲರ್ ಹಿಂದೆ. ಕಣ್ಣು ಆಗಷ್ಟೇ ಬಿಟ್ಟಿತ್ತು."
"ಹೀಗೆ ಒತ್ತಿದರೆ ತಾಯಿಯಲ್ಲಿ ಹಾಲಿಳಿಯುತ್ತದೆ.
ಹೊಟ್ಟೆ ಮರೆತರೂ ಕಾಲು ಮರೆಯದು.
ಹೊಟ್ಟೆತುಂಬ ಕುಡಿದು ಬೆಳೆದವೂ ಒತ್ತುತ್ತವೆ,
ಪಾಪದ್ದು ಅಂತ ಅಳುತ್ತ ಕೂರಬೇಡ.
ಬೈಯಲೂ ಬೇಡ. ಉಗುರಿನ ತುದಿ ಮಾತ್ರ ಕತ್ತರಿಸು,
ಒಳಗಿನ ಗುಲಾಬಿ ಬಣ್ಣ ಮುಟ್ಟದೆ.
ಮಡಿಲಿಗೆ ದಪ್ಪಗಿರುವುದೇನಾದರೂ ಹಾಸು.
ಸಾಕೆನಿಸಿದರೆ ಮೆಲ್ಲಗೆ ಎದ್ದುಬಿಡು."
ಬುಡಸಮೇತ ಕೀಳಿಸಬಹುದಂತಲ್ಲ, ಎಂದು ಬಾಯಿ ತೆರೆದವಳು
ಡಾಕ್ಟರ ಮುಖ ನೋಡಿ ಮುಚ್ಚಿಕೊಂಡಳು.

ಟವೆಲು ಹಾಸಿದಳು. ಪಿಸೋ ಅದನ್ನು ದಾಟಿ ತೊಡೆಗೇ ಬಂತು.
ಮೈಯುಜ್ಜುವ ಗವಸು ಇಟ್ಟಳು. ಮೂಸಿ, ಸೀನಿತು.
ಸಂತೆಯಲ್ಲಿ ಹದಿನಾಲ್ಕು ಲಾರಿ ಕೊಟ್ಟು ತಂದ ಕಂಬಳಿಯ
ರಟ್ಟಿನ ಡಬ್ಬಿಯಲ್ಲಿ ಮಲಗಿತು.
ಕೊನೆಗೆ ಹಿಡಿಸಿದ್ದು ಬಾಗಿಲ ಮೊಳೆಯಲ್ಲಿ ತೂಗುತ್ತಿದ್ದ
ಕುರಿಯುಣ್ಣೆಯ ಎತ್ತರದ ಟೋಪಿ,
ಬತೂಮಿಗೆ ಹೋಗಿ ಬರುತ್ತೇನೆಂದು ಹನ್ನೊಂದು ವರ್ಷದ ಹಿಂದೆ
ಹೊರಟ ಗಂಡ ಬಿಟ್ಟುಹೋದದ್ದು.
ಅವನ ತಲೆಯ ಜಾಗವನ್ನು ಬೆಕ್ಕು ಚೆನ್ನಾಗಿ ನಾದಿತು.
ಇಷ್ಟು ದಿನ ಯಾಕೆ ಇಟ್ಟುಕೊಂಡಿದ್ದೆನೆಂದು ಅವಳಿಗೂ ಈಗ ತಿಳಿಯಿತು.

ಉಗುರು ರಾತ್ರಿಗೆ ಎರಡರಂತೆ, ಅದರ ನಿದ್ದೆಗಣ್ಣಿನಲ್ಲಿ.
ಟಕ್. ಸ್ವಲ್ಪ ಬಿಟ್ಟು, ಟಕ್.

ಪರೀಕ್ಷೆಗೆಂದು ಬಂದು ಉಳಿದ ತಂಗಿಯ ಮಗಳು ಎತೇರಿ
ಚಹಾ ಕುಡಿಯುತ್ತ ಹೇಳಿದಳು:
"ದೊಡ್ಡಮ್ಮಾ, ನೀನೂ ನಿದ್ದೆಯಲ್ಲಿ ದಿಂಬು ನಾದುತ್ತೀಯ.
ಬಲಗೈ, ಎಡಗೈ. ಓದೋದು ಬಿಟ್ಟು ನೋಡ್ತಾ ಕೂತಿದ್ದೆ."
"ಮೂವತ್ತೊಂದು ವರ್ಷದ ಕೆಲಸ, ಕೈ ಬಿಟ್ಟೀತೇ," ಎಂದು ನಕ್ಕು
ಲೋಟ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಗುರುವಾರ ಕಲ್ಲುಹಾಸಿನ ಮೇಲೆ ಒಬ್ಬ ಮುದುಕಿ,
ಬೆನ್ನು ಹಲಗೆಯಂತೆ.
ಇನ್ನೂ ಸ್ವಲ್ಪ ಒತ್ತು, ಎಂದಳು.
ನಾಜಿಬ್ರೋಲಾ ಒತ್ತಲಿಲ್ಲ. ನಿಧಾನ ಮಾಡಿದಳು.
ಬಲಗೈ, ಎಡಗೈ. ಬಲಗೈ, ಎಡಗೈ.
ಆವಿಯೊಳಗೆ ಮುದುಕಿಯ ಕಣ್ಣು ಅರ್ಧ ಮುಚ್ಚಿತು.
ಗಂಟಲಿಂದ ಏನೋ ಹೊರಟಿತು, ಮಾತಲ್ಲ.

ಇವಳು ಒಂದು ಗಳಿಗೆ ಕೈಯೆತ್ತಿ
ತನ್ನ ಉಗುರುಗಳನ್ನು ನೋಡಿಕೊಂಡಳು.
ನಿನ್ನೆಯೇ ಕತ್ತರಿಸಿದ್ದು.